ಗೆದ್ದು ಸೋತ ಪಂದ್ಯದ ವಿಚಾರ

ಕಾಲ್ಚೆಂಡಿನ ಪಂದ್ಯವು ತೊಂಬತ್ತು ನಿಮಿಷಗಳಲ್ಲಿ ಮುಗಿಯತಕ್ಕದ್ದೆಂದು ಆಟದ ನಿಯಮಾವಳಿ ಹೇಳುತ್ತದೆ. ನಮ್ಮ ಮ್ಹಾಪಸಾದಲ್ಲಿ ಅದು ಅಷ್ಟಕ್ಕೆ ಮುಗಿಯುವುದಿಲ್ಲವೆಂಬುದು ಇಲ್ಲಿ ಒಂದು ವರ್ಷ ಕಳೆದವರಿಗೆಲ್ಲ ತಿಳಿದ ಸಂಗತಿ. ರೆಫರಿಯು ಕೊನೆಯ ಸಿಳ್ಳನ್ನು ಊದಿದ ಬಳಿಕ ಇಲ್ಲಿ ಎರಡನೆಯ ಆಟವೊಂದು ಮೊದಲಾಗುತ್ತದೆ. ಅದಕ್ಕೆ ಅಂಗಳ ಬೇಡ, ಚೆಂಡು ಬೇಡ. ಹನ್ನೊಂದು ಜನರೆಂಬ ಮಿತಿಯೂ ಇಲ್ಲ. ಬಸ್ಸಿನ ನಿಲ್ದಾಣದ ಚಹದಂಗಡಿಯಲ್ಲಿ, ಶುಕ್ರವಾರದ ಸಂತೆಯಲ್ಲಿ ಮೆಣಸಿನಕಾಯಿಯ ರಾಶಿಗಳ ಹಿಂದೆ, ಕಟ್ಟಡದ ಕೆಲಸಕ್ಕೆ ಹೊರಟವರ ಟೆಂಪೋದಲ್ಲಿ, ಕೊನೆಗೆ ನಮ್ಮ ಶಾಲೆಯ ಪಡಸಾಲೆಯಲ್ಲಿಯೂ ಅದು ನಡೆಯುತ್ತದೆ. ಈ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಸಂಸ್ಥೆಯ ಹಿರಿಯರು ಅಪ್ಪಣೆ ಮಾಡಿದಾಗ, ಆ ಎರಡನೆಯ ಆಟವನ್ನು ಕುರಿತೇ ಬರೆಯುವುದು ಉಚಿತವೆಂದು ನಮಗೆ ತೋರಿತು. ಪರೀಕ್ಷೆಯ ಸಿದ್ಧತೆ, ಸಮಯಪಾಲನೆ ಮೊದಲಾದ ವಿಷಯಗಳ ಮೇಲೆ ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅವುಗಳನ್ನು ಮಕ್ಕಳು ಓದಿದರೆಂಬುದಕ್ಕೆ ನಮಗೆ ಸಾಕ್ಷ್ಯವು ಸಿಕ್ಕಿಲ್ಲ.

ಯಾವ ಪಂದ್ಯವನ್ನು ಕುರಿತು ಹೇಳುತ್ತಿದ್ದೇವೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. 2025ನೆಯ ಇಸವಿಯ ಏಪ್ರಿಲ್ 6, ರವಿವಾರ, ಅಂದು ಶ್ರೀರಾಮನವಮಿ. ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯಾವಳಿಯ ಉಪಾಂತ್ಯದ ಎರಡನೆಯ ಪಂದ್ಯ. ಒಂದು ಕಡೆ ಎಫ್.ಸಿ. ಗೋವಾ, ಇನ್ನೊಂದು ಕಡೆ ಬೆಂಗಳೂರು ಎಫ್.ಸಿ. ಮೊದಲನೆಯ ಪಂದ್ಯವು ನಾಲ್ಕು ದಿನಗಳ ಹಿಂದೆ, ಏಪ್ರಿಲ್ 2ರಂದು, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದಿತ್ತು. ಅಲ್ಲಿ ಬೆಂಗಳೂರು 2–0ರಿಂದ ಗೆದ್ದಿತ್ತು. ಅವುಗಳಲ್ಲಿ ಒಂದು ಗೋಲು 42ನೆಯ ನಿಮಿಷದಲ್ಲಿ ಗೋವೆಯ ರಕ್ಷಕ ಸಂದೇಶ ಝಿಂಗನ್ ಅವರಿಗೆ ತಗುಲಿ ಅವರದೇ ಬಲೆಗೆ ಹೋದದ್ದು. ಇನ್ನೊಂದನ್ನು ವಿರಾಮದ ತರುವಾಯ ಎಡ್ಗರ್ ಮೆಂಡೆಸ್ ಹೊಡೆದರು.

ಫಾತೋರ್ಡಾದಲ್ಲಿ ಮೊದಲ ಅರ್ಧ ಗೋಲಿಲ್ಲದೆ ಮುಗಿಯಿತು. 49ನೆಯ ನಿಮಿಷದಲ್ಲಿ ಬೋರ್ಹಾ ಹೆರೇರಾ ಗೋವೆಯ ಪರವಾಗಿ ಒಂದು ಗೋಲು ಹೊಡೆದರು. ಆಮೇಲೆ ಹೆಚ್ಚು ಕಡಿಮೆ ನಲವತ್ತು ನಿಮಿಷಗಳ ಕಾಲ ಗೋಲೆಂಬುದಿಲ್ಲ. 88ನೆಯ ನಿಮಿಷದಲ್ಲಿ ಅರ್ಮಾಂಡೊ ಸಾದಿಕು ಎರಡನೆಯದನ್ನು ಹೊಡೆದರು. ಆಗ ಕ್ರೀಡಾಂಗಣವು ಹೇಗಿದ್ದಿತೆಂಬುದನ್ನು ವರ್ಣಿಸುವ ಶಕ್ತಿ ನಮಗಿಲ್ಲ. ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿದರೆ ಇಬ್ಬರದೂ ಎರಡೆರಡು. ಹಾಗೆಯೇ ಉಳಿದಿದ್ದರೆ ಮೂವತ್ತು ನಿಮಿಷಗಳ ಹೆಚ್ಚಿನ ಆಟ. ಅದರಲ್ಲಿಯೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಒದೆತಗಳು. ಆದರೆ ಹಾಗಾಗಲಿಲ್ಲ. ಗಾಯ, ಆಟಗಾರರ ಬದಲಾವಣೆ ಮುಂತಾದವುಗಳಲ್ಲಿ ನಷ್ಟವಾದ ಹೊತ್ತನ್ನು ರೆಫರಿಯು ತೊಂಬತ್ತು ನಿಮಿಷಗಳ ಮೇಲೆ ಸೇರಿಸಿ ಕೊಡುತ್ತಾನೆ. ಆ ಸೇರಿಸಿದ ಸಮಯದ ಎರಡನೆಯ ನಿಮಿಷದಲ್ಲಿ ಸುನೀಲ ಛೇತ್ರಿ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದರು. ಆಗ ಅವರ ವಯಸ್ಸು ನಲವತ್ತು. ಪಂದ್ಯ 2–1ರಿಂದ ಗೋವೆಯದಾಯಿತು. ಒಟ್ಟು ಲೆಕ್ಕ 3–2ರಿಂದ ಬೆಂಗಳೂರಿನದಾಯಿತು. ಗೆದ್ದವರು ತಲೆ ತಗ್ಗಿಸಿ ಮನೆಗೆ ಹೋದರು. ಸೋತವರು ಕುಣಿಯುತ್ತ ಅಂತಿಮ ಪಂದ್ಯಕ್ಕೆ ಹೋದರು.

ಇದು ಹೇಗೆ ನ್ಯಾಯವೆಂದು ಕೆಳಗಿನ ತರಗತಿಯ ಮಗುವೊಂದು ನಮ್ಮನ್ನು ಕೇಳಿತು. ಉತ್ತರ ಕಷ್ಟದ್ದಲ್ಲ. ಎರಡು ಪಂದ್ಯಗಳೆಂದು ನಾವು ಹೇಳಿದರೂ ನಿಯಮದ ದೃಷ್ಟಿಯಿಂದ ಅದು ನೂರ ಎಂಬತ್ತು ನಿಮಿಷಗಳ ಒಂದೇ ಪಂದ್ಯ. ಅರ್ಧ ಒಬ್ಬರ ಮನೆಯಲ್ಲಿ, ಇನ್ನರ್ಧ ಮತ್ತೊಬ್ಬರ ಮನೆಯಲ್ಲಿ. ಮನೆಯ ಅಂಗಳದಲ್ಲಿ ಆಡುವವರಿಗೆ ಒಂದು ಅನುಕೂಲವುಂಟೆಂದು ಎಲ್ಲರೂ ಒಪ್ಪಿರುವುದರಿಂದ, ಆ ಅನುಕೂಲವನ್ನು ಇಬ್ಬರಿಗೂ ಸಮನಾಗಿ ಹಂಚುವ ಉಪಾಯವಿದು. ಫಾತೋರ್ಡಾದ ಪ್ರೇಕ್ಷಕರು ನೋಡಿದ್ದು ಪಂದ್ಯದ ಉತ್ತರಾರ್ಧವನ್ನು ಮಾತ್ರ.

ಇಷ್ಟು ಸಂಗತಿ. ಇನ್ನು ಎರಡನೆಯ ಆಟಕ್ಕೆ ಬರೋಣ. ಆ ವರ್ಷ ಗೋವೆಯಲ್ಲಿ ಮೇಲಿನ ತರಗತಿಗಳ ಹೊಸ ಶೈಕ್ಷಣಿಕ ವರ್ಷವು ಜೂನಿನ ಬದಲು ಏಪ್ರಿಲ್ 7ರಂದು, ಅಂದರೆ ಆ ಪಂದ್ಯದ ಮಾರನೆಯ ಬೆಳಗಿನಲ್ಲಿಯೇ, ಪ್ರಾರಂಭವಾಯಿತು. ಹೊಸ ಪುಸ್ತಕಗಳ ವಾಸನೆಯೊಡನೆ ಮಕ್ಕಳು ತಂದದ್ದು ಈ ವಾದವನ್ನು. ಒಬ್ಬನು ಗೋವೆ ಬಹು ಚೆನ್ನಾಗಿ ಆಡಿತು, ಗೆದ್ದಿತಲ್ಲ ಎಂದನು. ಮತ್ತೊಬ್ಬನು ಗೋವೆ ಬಹು ಕೆಟ್ಟದಾಗಿ ಆಡಿತು, ಹೊರಬಿದ್ದಿತಲ್ಲ ಎಂದನು. ಮೂರನೆಯವನು ಎರಡನೆಯ ಗೋಲಾದ ಮೇಲೆ ಬಾಗಿಲು ಹಾಕಿಕೊಂಡು ಕೂಡಬೇಕಾಗಿತ್ತೆಂದು ತರಬೇತುದಾರರಾದ ಮನೋಲೊ ಮಾರ್ಕೆಸ್ ಅವರಿಗೆ ಮ್ಹಾಪಸಾದಿಂದಲೇ ಬುದ್ಧಿ ಹೇಳಿದನು. ಅಷ್ಟರಲ್ಲಿ ಯಾರೋ, ಕನ್ನಡದವನಾಗಿ ನೀನು ಗೋವೆಯ ಅಂಗಿ ಹಾಕಿಕೊಂಡಿದ್ದೆಯಲ್ಲ, ನಾಚಿಕೆಯಿಲ್ಲವೆ ಎಂದರು. ಅಲ್ಲಿಗೆ ವಾದವು ಮುಗಿದು ಕೈಗಳು ಮಾತಾಡತೊಡಗಿದವು. ಒಂದು ಅಂಗಿಯ ಕಿಸೆ ಹರಿಯಿತು. ಒಂದೇ ಬೆಂಚಿನಲ್ಲಿ ಮೂರು ವರ್ಷ ಕುಳಿತಿದ್ದ ಇಬ್ಬರು ಹುಡುಗರು ಬೇರೆ ಬೇರೆ ಬೆಂಚುಗಳಿಗೆ ಹೋದರು. ಸಂಜೆ ಇಬ್ಬರ ತಂದೆಯರೂ ನಮ್ಮ ಕೋಣೆಗೆ ಬಂದರು. ಬಂದವರು ಹುಡುಗರ ಜಗಳವನ್ನು ಬಿಡಿಸುವ ಬದಲು ತಾವೇ ಅದನ್ನು ಮುಂದುವರಿಸಿದರು.

ಆ ವಾದದಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಒಂದರಲ್ಲೊಂದು ಸಿಕ್ಕಿಕೊಂಡಿದ್ದವು. ಅವುಗಳನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಕೊನೆಯದನ್ನು, ಅಂದರೆ ಅಂಗಿಯ ಪ್ರಶ್ನೆಯನ್ನು, ಕೊನೆಗೇ ಇಟ್ಟುಕೊಳ್ಳೋಣ. ಅದು ಹೆಚ್ಚು ನೋಯಿಸುವಂಥದು.

ಮೊದಲಿನ ಇಬ್ಬರು ಹುಡುಗರು ಪರಸ್ಪರ ವಿರುದ್ಧವಾಗಿ ಮಾತಾಡಿದರೆಂದು ತೋರಿದರೂ ಇಬ್ಬರ ದಾರಿಯೂ ಒಂದೇ. ಇಬ್ಬರೂ ಫಲವನ್ನು ನೋಡಿ ಆಟವನ್ನು ಅಳೆದರು. ಒಬ್ಬನು ಅಂದಿನ ಫಲವನ್ನು ನೋಡಿದನು, ಮತ್ತೊಬ್ಬನು ಒಟ್ಟು ಫಲವನ್ನು. ಆಟವನ್ನು ಇಬ್ಬರೂ ನೋಡಿದಂತೆ ಕಾಣಲಿಲ್ಲ. ಒಂದು ತಂಡ ಚೆನ್ನಾಗಿ ಆಡಿಯೂ ಸೋಲಬಹುದು, ಸಾಧಾರಣವಾಗಿ ಆಡಿಯೂ ಗೆಲ್ಲಬಹುದು ಎಂಬುದನ್ನು ಬಾಯಲ್ಲಿ ಎಲ್ಲರೂ ಒಪ್ಪುತ್ತಾರೆ. ತಮ್ಮ ತಂಡದ ಮಾತು ಬಂದಾಗ ಮರೆಯುತ್ತಾರೆ.

1948ರ ಲಂಡನ್ ಒಲಿಂಪಿಕ್ ಪಂದ್ಯಗಳಲ್ಲಿ, ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನವರು. ನಮ್ಮವರು 2–1ರಿಂದ ಸೋತರು. ನಮ್ಮ ಕಡೆಯ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲೂ ಅದೇ. ಅಂದು ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದವು, ಎರಡೂ ವ್ಯರ್ಥವಾದವು. ಪೆನಾಲ್ಟಿ ಎಂಬುದು ನಾಲ್ಕರಲ್ಲಿ ಸುಮಾರು ಮೂರು ಸಲ ಗೋಲಾಗುವ ಒದೆತ. ಹಾಗಾದರೆ ಒಂದು ತಪ್ಪುವ ಸಂಭವ ನಾಲ್ಕರಲ್ಲಿ ಒಂದು. ಎರಡೂ ತಪ್ಪುವ ಸಂಭವ, ಕಾಲನ್ನು ಕಾಲಿನಿಂದ ಗುಣಿಸಿದರೆ, ಹದಿನಾರರಲ್ಲಿ ಒಂದು. ಅಂಥ ಒಂದು ದಿನ ನಮ್ಮ ಪಾಲಿಗೆ ಬಂದಿತು. ಆ ತಂಡ ಕೆಟ್ಟದಾಗಿ ಆಡಿತೆಂದು 2–1 ಎಂಬ ಅಂಕಿಯನ್ನು ಮಾತ್ರ ನೋಡಿ ಹೇಳುವವನು, ನೂರರಲ್ಲಿ ನಲವತ್ತೊಂಬತ್ತು ಬಂದ ಹುಡುಗನನ್ನು ಉತ್ತರಪತ್ರಿಕೆ ನೋಡದೆಯೇ ದಡ್ಡನೆಂದು ಕರೆದಂತೆ.

ಕಾಲ್ಚೆಂಡಾಟದಲ್ಲಿ ದೈವದ ಕೈ ಇಷ್ಟು ಉದ್ದವಾಗಿರುವುದೇಕೆ? ಗೋಲುಗಳು ವಿರಳವಾದುದರಿಂದ. ನಮ್ಮ ಕಬಡ್ಡಿಯಲ್ಲಿ ಒಂದು ಪಂದ್ಯದೊಳಗೆ ಅಂಕಗಳು ಐವತ್ತು ಅರುವತ್ತಾಗುತ್ತವೆ. ಇಲ್ಲಿಯೋ ಇಬ್ಬರದೂ ಸೇರಿ ಸರಾಸರಿ ಎರಡೂವರೆ, ಮೂರು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಚೀಲದಲ್ಲಿ ಕಿತ್ತಳೆ ಬಣ್ಣದ ಆರು ಮಣಿಗಳನ್ನೂ ನೀಲಿ ಬಣ್ಣದ ನಾಲ್ಕು ಮಣಿಗಳನ್ನೂ ಹಾಕಿರಿ. ಕಣ್ಣು ಮುಚ್ಚಿ ಒಂದನ್ನು ತೆಗೆದು, ಬಣ್ಣವನ್ನು ಬರೆದುಕೊಂಡು, ಮತ್ತೆ ಚೀಲಕ್ಕೆ ಹಾಕಿ ಅಲುಗಿಸಿರಿ. ಹೀಗೆ ಮೂರು ಸಲ ತೆಗೆದರೆ ಒಂದು ಪಂದ್ಯವಾಯಿತೆಂದು ತಿಳಿಯಿರಿ. ಯಾವ ಬಣ್ಣ ಹೆಚ್ಚು ಬಂತೋ ಅದಕ್ಕೆ ಗೆಲುವು. ಕಿತ್ತಳೆಯೇ ಬಲಶಾಲಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇಂಥ ನೂರು ಪಂದ್ಯಗಳಲ್ಲಿ ಸುಮಾರು ಮೂವತ್ತೈದನ್ನು ನೀಲಿ ಗೆಲ್ಲುತ್ತದೆ. ಮೂರರ ಬದಲು ಐವತ್ತೊಂದು ಸಲ ತೆಗೆದು ಒಂದು ಪಂದ್ಯವೆಂದು ಎಣಿಸಿದರೆ ನೀಲಿಗೆ ನೂರರಲ್ಲಿ ಏಳು ಗೆಲುವುಗಳು ಸಿಕ್ಕರೆ ಹೆಚ್ಚು. ಚೀಲ ಅದೇ, ಮಣಿಗಳು ಅವೇ. ತೆಗೆದ ಸಲ ಮಾತ್ರ ಬೇರೆ. ಕಬಡ್ಡಿ ಎರಡನೆಯ ಬಗೆಯ ಆಟ, ಕಾಲ್ಚೆಂಡಾಟ ಮೊದಲನೆಯ ಬಗೆಯದು. ಬಲವಿಲ್ಲದವನಿಗೂ ಒಂದು ದಿನ ಬರುತ್ತದೆಂಬ ಆಸೆಯಿಂದಲೇ ಜಗತ್ತು ಈ ಆಟವನ್ನು ಇಷ್ಟೊಂದು ಪ್ರೀತಿಸುತ್ತದೆಯೋ ಏನೋ.

ಬಣ್ಣಗಳನ್ನು ನಾವು ಸುಮ್ಮನೆ ಆರಿಸಲಿಲ್ಲ. ಆ ವರ್ಷದ ಲೀಗ್ ಹಂತದಲ್ಲಿ ಎಲ್ಲ ತಂಡಗಳೂ ಇಪ್ಪತ್ತನಾಲ್ಕು ಪಂದ್ಯಗಳನ್ನಾಡಿ ಮುಗಿಸಿದಾಗ ಕಿತ್ತಳೆಯ ಗೋವೆಗೆ 48 ಅಂಕಗಳಿದ್ದವು, ನೀಲಿಯ ಬೆಂಗಳೂರಿಗೆ 38. ಇಪ್ಪತ್ತನಾಲ್ಕು ಪಂದ್ಯಗಳೆಂದರೆ ಚೀಲಕ್ಕೆ ಬಹಳ ಸಲ ಕೈ ಹಾಕಿದಂತೆ. ಅಲ್ಲಿ ಬಲಾಬಲವು ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಉಪಾಂತ್ಯದ ಎರಡು ಪಂದ್ಯಗಳೆಂದರೆ ಐದಾರು ಮಣಿಗಳ ಮಾತು. ಹಾಗೆಂದು ಬೆಂಗಳೂರಿನವರು ಬರಿಯ ದೈವದಿಂದ ಗೆದ್ದರೆಂದು ನಾವು ಹೇಳುವುದಿಲ್ಲ. ಉಪಾಂತ್ಯಕ್ಕೆ ಬರುವ ಮುನ್ನ, ಮಾರ್ಚ್ 29ರಂದು, ಅವರು ಮುಂಬಯಿಯ ತಂಡವನ್ನು 5–0ರಿಂದ ಮುರಿದಿದ್ದರು. ಐದು ಗೋಲುಗಳನ್ನು ದೈವವೊಂದೇ ಹೊಡೆಯುವುದಿಲ್ಲ.

ಇನ್ನು ಮೂರನೆಯ ಹುಡುಗನ ಮಾತು. ಬಾಗಿಲು ಹಾಕಿಕೊಂಡು ಕೂಡಬೇಕಾಗಿತ್ತು ಎಂಬ ಈ ವಾದವನ್ನು ಆ ವಾರವಿಡೀ ನಾವು ಕೇಳಿದೆವು. ಶುಕ್ರವಾರದ ಸಂತೆಯಲ್ಲಿ ಬದನೆಕಾಯಿ ತೂಗುತ್ತಿದ್ದವರೂ ಅದನ್ನೇ ಹೇಳಿದರು. 88ರಿಂದ 92ನೆಯ ನಿಮಿಷದವರೆಗೆ ನಾಲ್ಕೇ ನಿಮಿಷಗಳು, ಅಷ್ಟು ಹೊತ್ತು ತಡೆಯಲಾಗಲಿಲ್ಲವೆ ಎಂದು. ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಆದರೆ ಈ ಬಗೆಯ ಮಾತಿಗೆ ನಾವೊಂದು ಒರೆಗಲ್ಲನ್ನು ಸೂಚಿಸುತ್ತೇವೆ. 91ನೆಯ ನಿಮಿಷದಲ್ಲಿ, ಛೇತ್ರಿಯವರ ತಲೆಗೆ ಚೆಂಡು ತಾಗುವ ಮುನ್ನ, ನೀನು ಈ ಮಾತನ್ನು ಹೇಳಿದ್ದೆಯಾ? ಹೇಳಿದ್ದರೆ ಅದು ವಿಮರ್ಶೆ. ಆಮೇಲೆ ಹೇಳಿದ್ದಾದರೆ ಅದು ಪಂಚಾಂಗವನ್ನು ಹಿಂದಿನಿಂದ ಓದಿದ ಹಾಗೆ. ಅದೇ ನಾಲ್ಕು ನಿಮಿಷಗಳಲ್ಲಿ ಗೋವೆಯೇ ಮೂರನೆಯ ಗೋಲನ್ನು ಹೊಡೆದಿದ್ದರೆ, ಎದುರಾಳಿ ತತ್ತರಿಸುತ್ತಿದ್ದಾಗ ಬಿಡದೆ ನುಗ್ಗಿದ ಧೈರ್ಯವನ್ನು ಇದೇ ಹುಡುಗ ಹೊಗಳುತ್ತಿದ್ದನು. ಮುನ್ನುಗ್ಗುವುದರಲ್ಲಿಯೂ ಅಪಾಯವಿದೆ, ಹಿಂದೆ ಸರಿದು ನಿಲ್ಲುವುದರಲ್ಲಿಯೂ ಇದೆ. ಹಿಂದೆ ಸರಿದ ತಂಡದ ಬಲೆಯ ಮುಂದೆಯೇ ಚೆಂಡು ಸುಳಿದಾಡುತ್ತದಷ್ಟೆ. ಯಾವುದು ಕಡಿಮೆ ಅಪಾಯದ್ದೆಂಬುದು ಆ ಗಳಿಗೆಯಲ್ಲಿ ಮೈದಾನದಲ್ಲಿದ್ದವರು ತಮಗೆ ತಿಳಿದಷ್ಟರಿಂದ ನಿರ್ಧರಿಸಬೇಕಾದದ್ದು. ಅವರಿಗೆ ತಿಳಿಯದಿದ್ದ ಒಂದೇ ಒಂದು ವಿಷಯ ನಮಗೆ ತಿಳಿದಿದೆ. ಅದರ ಬಲದಿಂದ ನಾವು ಅವರಿಗಿಂತ ಜಾಣರಾಗುತ್ತೇವೆ.

ಕೊನೆಯ ನಾಲ್ಕು ನಿಮಿಷಗಳ ಮಾತನ್ನೇ ಎಲ್ಲರೂ ಆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ನೆನಪು ನಂಬಿಕಸ್ಥ ಗುಮಾಸ್ತನಲ್ಲ. ಕೊನೆಯಲ್ಲಿ ನಡೆದುದನ್ನೂ ದೊಡ್ಡ ಸದ್ದು ಮಾಡಿದುದನ್ನೂ ಅದು ದಪ್ಪ ಅಕ್ಷರಗಳಲ್ಲಿ ಬರೆದಿಡುತ್ತದೆ, ಉಳಿದುದನ್ನು ಅಳಿಸಿಬಿಡುತ್ತದೆ. ಬೆಂಗಳೂರಿನಲ್ಲಿ 42ನೆಯ ನಿಮಿಷದಲ್ಲಿ ಆದ ಗೋಲಿಗೂ ಫಾತೋರ್ಡಾದಲ್ಲಿ 92ನೆಯ ನಿಮಿಷದಲ್ಲಿ ಆದ ಗೋಲಿಗೂ ಲೆಕ್ಕದಲ್ಲಿ ಒಂದೇ ಬೆಲೆ. ಆದರೂ ಸಂತೆಯಲ್ಲಿ ಆ ಮೊದಲನೆಯದರ ಮಾತನ್ನು ಯಾರೂ ಎತ್ತಲಿಲ್ಲ. ಅದು ಪರಸ್ಥಳದಲ್ಲಿ, ನಾಲ್ಕು ದಿನಗಳ ಹಿಂದೆ, ಯಾರೂ ಬೇಕೆಂದು ಹೊಡೆಯದೆ ಆದದ್ದು, ಅದಕ್ಕೆ ಕಥೆಯಿಲ್ಲ.

ಇದಕ್ಕೆ ಔಷಧವೆಂದರೆ ಕಾಗದ ಮತ್ತು ಪೆನ್ಸಿಲು. ಇಂಗ್ಲೆಂಡಿನ ವಾಯುದಳದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಎಂಬವರು 1950ನೆಯ ಮಾರ್ಚ್ 18ರಂದು ಸ್ವಿಂಡನ್ ಎಂಬ ಊರಿನಲ್ಲಿ, ಆ ಊರಿನ ತಂಡವು ಬ್ರಿಸ್ಟಲ್ ರೋವರ್ಸ್ ಎದುರು ಆಡುವುದನ್ನು ನೋಡುತ್ತಿದ್ದರು. ಊರಿನ ತಂಡ ಮೇಲಿಂದ ಮೇಲೆ ದಾಳಿ ಮಾಡಿಯೂ ಫಲವಿಲ್ಲದುದನ್ನು ಕಂಡು ಬೇಸತ್ತು, ಉತ್ತರಾರ್ಧದಲ್ಲಿ ಕಿಸೆಯಿಂದ ಪುಸ್ತಕವನ್ನು ತೆಗೆದು ಪ್ರತಿಯೊಂದು ದಾಳಿಯನ್ನೂ ಬರೆದುಕೊಳ್ಳತೊಡಗಿದರು. ಆ ಮೇಲೆ ಹಲವು ದಶಕಗಳ ಕಾಲ ಸಾವಿರಾರು ಪಂದ್ಯಗಳ ಲೆಕ್ಕವನ್ನು ಕೈಬರಹದಲ್ಲಿಯೇ ಇಟ್ಟರು. ಇಂದು ಯಂತ್ರಗಳು ಮಾಡುವ ಕೆಲಸಕ್ಕೆ ಅದು ನಾಂದಿ.

ಆದರೆ ಎಣಿಸಿದ ಮಾತ್ರಕ್ಕೆ ಸತ್ಯವು ಕೈಗೆ ಸಿಕ್ಕುವುದಿಲ್ಲವೆಂಬುದಕ್ಕೂ ಅವರೇ ಉದಾಹರಣೆ. ನೂರು ಗೋಲುಗಳಲ್ಲಿ ಸುಮಾರು 80 ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳಿಂದ ಆಗುತ್ತವೆಂದು ಅವರು ಕಂಡರು. ಆದುದರಿಂದ ಚೆಂಡನ್ನು ಒಬ್ಬರಿಂದೊಬ್ಬರಿಗೆ ಸಾಗಿಸುತ್ತ ಕೂಡುವುದು ವ್ಯರ್ಥ, ಉದ್ದಕ್ಕೆ ಒದೆದು ಓಡುವುದೇ ಲೇಸು ಎಂದು ತೀರ್ಮಾನಿಸಿದರು. ಅನೇಕರು ನಂಬಿದರು. ಅವರು ಕೇಳದೆ ಬಿಟ್ಟ ಪ್ರಶ್ನೆ ಇದು: ಒಟ್ಟು ದಾಳಿಗಳಲ್ಲಿ ಅಷ್ಟು ಚಿಕ್ಕವು ಎಷ್ಟು? ನೂರರಲ್ಲಿ 90ಕ್ಕಿಂತ ಹೆಚ್ಚು! ನಮ್ಮ ತರಗತಿಯೊಂದರಲ್ಲಿ ನಲವತ್ತೈದು ಹುಡುಗರೂ ಐದು ಹುಡುಗಿಯರೂ ಇದ್ದು, ಮೊದಲ ಹತ್ತು ಸ್ಥಾನಗಳಲ್ಲಿ ಎಂಟು ಹುಡುಗರೂ ಇಬ್ಬರು ಹುಡುಗಿಯರೂ ಬಂದರೆಂದು ಇಟ್ಟುಕೊಳ್ಳಿರಿ. ಎಂಟು ಎರಡಕ್ಕಿಂತ ದೊಡ್ಡದಾದುದರಿಂದ ಹುಡುಗರೇ ಜಾಣರೆನ್ನಬಹುದೆ? ಹುಡುಗಿಯರಲ್ಲಿ ಐವರಿಗೆ ಇಬ್ಬರು ಮೇಲೆ ಬಂದಿದ್ದಾರೆ. ಹುಡುಗರಲ್ಲಿ ಐವರಿಗೆ ಒಬ್ಬನೂ ಬಂದಿಲ್ಲ. ಗಣಿತದ ತಾಸಿನಲ್ಲಿ ಪ್ರಮಾಣ ಪ್ರಮಾಣವೆಂದು ನಾವು ಬಡಿದುಕೊಳ್ಳುವುದು ಇದಕ್ಕಾಗಿಯೇ.

ಆ ಸೋಮವಾರದ ಜಗಳದ ತರುವಾಯ, ಮೇಲಿನ ತರಗತಿಯ ಮಕ್ಕಳಿಗೆ ಇಂಥ ಒಂದೊಂದು ಟಿಪ್ಪಣಿಯ ಪುಸ್ತಕವನ್ನು ಇಡಲು ಹೇಳಿದೆವು. ಮ್ಹಾಪಸಾದ ಧುಳೇರ ಮೈದಾನದಲ್ಲಿ ಊರಿನ ಲೀಗ್ ಪಂದ್ಯಗಳಾಗುವಾಗ, ತೊಂಬತ್ತು ನಿಮಿಷಗಳನ್ನು ಹದಿನೈದರಂತೆ ಆರು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಯಾವ ತಂಡ ಎಷ್ಟು ಸಲ ಬಲೆಯತ್ತ ಹೊಡೆಯಿತು, ಎಷ್ಟು ದೂರದಿಂದ ಹೊಡೆಯಿತು, ಚೆಂಡನ್ನು ಎಲ್ಲಿ ಕಳೆದುಕೊಂಡಿತು ಎಂದು ಗುರುತು ಹಾಕುವುದು. ಹೆಚ್ಚೇನೂ ಬೇಡ. ಮೊದಲ ದಿನವೇ ಒಂದು ವಿನೋದ ನಡೆಯಿತು. ಒಂದೇ ಪಂದ್ಯವನ್ನು ನೋಡಿದ ಇಬ್ಬರ ಪುಸ್ತಕಗಳಲ್ಲಿ ತಮ್ಮ ತಮ್ಮ ಮೆಚ್ಚಿನ ತಂಡದ ಹೊಡೆತಗಳು ಹೆಚ್ಚಾಗಿದ್ದವು! ಅಂದಿನಿಂದ ಪ್ರತಿಯೊಬ್ಬನೂ ಎದುರಿನ ತಂಡದ ಹೊಡೆತಗಳನ್ನೇ ಎಣಿಸತಕ್ಕದ್ದೆಂದು ನಿಯಮ ಮಾಡಿದೆವು. ಬೇರೆ ಬೆಂಚುಗಳಿಗೆ ಹೋದ ಆ ಇಬ್ಬರನ್ನು ಒಂದೇ ಪುಸ್ತಕಕ್ಕೆ ಹಚ್ಚಿದೆವು. ಪುಸ್ತಕ ಒಂದೇ ಆದುದರಿಂದ ಕೂಡುವ ಜಾಗವೂ ಒಂದೇ ಆಗಬೇಕಾಯಿತು.

ಈಗ ಅಂಗಿಯ ಪ್ರಶ್ನೆಗೆ ಬರೋಣ. ಪಾಲಕರು ಇದನ್ನು ಸಾವಧಾನದಿಂದ ಓದಬೇಕೆಂದು ವಿನಂತಿ.

ಆಟದ ಸುದ್ದಿಯನ್ನು ಬರೆಯುವ ನಮ್ಮ ಕನ್ನಡ ಪತ್ರಿಕೆಗಳು ಊರಿನ ಅಂಗಳವನ್ನು ತವರಿನ ಅಂಗಳವೆಂದೂ ಊರಿನ ತಂಡವನ್ನು ತವರಿನ ತಂಡವೆಂದೂ ಕರೆಯುತ್ತವೆ. ಈ ಮಾತನ್ನು ಮೊದಲು ಬಳಸಿದವರು ಯಾರೋ, ಬಹಳ ಒಳ್ಳೆಯ ಮಾತನ್ನು ಆರಿಸಿದರು. ತವರೆಂದರೆ ಕೊಟ್ಟ ಹೆಣ್ಣುಮಗಳ ಹುಟ್ಟಿದ ಮನೆ. ತವರೆಂಬ ಶಬ್ದ ಹುಟ್ಟುವುದೇ ಎರಡನೆಯ ಮನೆಯೊಂದು ಇದ್ದಾಗ. ಹುಟ್ಟಿದಲ್ಲಿಯೇ ಇರುವವರಿಗೆ ತವರಿಲ್ಲ. ನಮ್ಮ ಪಾಲಕರಲ್ಲಿ ಹೆಚ್ಚಿನವರು ವಿಜಾಪುರ, ಬಾಗಿಲಕೋಟೆ, ಗದಗ, ಬೆಳಗಾವಿ, ಹಾವೇರಿಯ ಕಡೆಗಳಿಂದ ದುಡಿಮೆಗಾಗಿ ಘಟ್ಟವಿಳಿದು ಬಂದವರು. ಅವರಿಗೆ ತವರು ಘಟ್ಟದ ಮೇಲಿದೆ. ಅವರ ಮಕ್ಕಳಲ್ಲಿ ಅನೇಕರು ಇದೇ ಮ್ಹಾಪಸಾದ ಆಸ್ಪತ್ರೆಯಲ್ಲಿ ಹುಟ್ಟಿದವರು, ಇದೇ ಕೆಂಪು ಮಣ್ಣಿನಲ್ಲಿ ಚೆಂಡನ್ನು ಒದೆಯಲು ಕಲಿತವರು. ಅವರಿಗೆ ತವರು ಯಾವುದು? ನಮ್ಮ ಕೋಣೆಗೆ ಬಂದ ತಂದೆಯೊಬ್ಬರು, ಮಗ ಕಿತ್ತಳೆ ಅಂಗಿ ತೊಟ್ಟದ್ದನ್ನು ಕುಲಕ್ಕೆ ಬಂದ ಕುಂದೆಂಬಂತೆ ಹೇಳಿಕೊಂಡರು. ಆ ಹುಡುಗನ ಕನ್ನಡ ಪ್ರಬಂಧ ತರಗತಿಯಲ್ಲಿಯೇ ಒಳ್ಳೆಯದೆಂಬುದನ್ನು ಅವರಿಗೆ ತೋರಿಸಿದೆವು. ಭಾಷೆ ನಾಲಗೆಯ ಮೇಲೂ ಮನಸ್ಸಿನಲ್ಲಿಯೂ ಇರುವಂಥದು; ಅಂಗಿಯ ಬಣ್ಣಕ್ಕೆ ಅದು ಹೆದರುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಘಟ್ಟದ ಮೇಲಿನವರನ್ನು ಹೀಯಾಳಿಸುವ ಒಂದು ಶಬ್ದ ಈ ಊರಿನಲ್ಲಿದೆ. ನಮ್ಮ ಮಕ್ಕಳೆಲ್ಲರೂ ಅದನ್ನು ಕೇಳಿದ್ದಾರೆ. ಗೋವೆ ಹೊರಬಿದ್ದ ಮಾರನೆಯ ದಿನ, ನೀಲಿ ಅಂಗಿಯ ಒಬ್ಬ ಹುಡುಗ ಬೀದಿಯಲ್ಲಿ ಅದನ್ನು ಕೇಳಿಬಂದನು. ಕಿತ್ತಳೆ ಅಂಗಿಯವನು ಮನೆಯಲ್ಲಿ ಬೈಸಿಕೊಂಡನು, ನೀಲಿ ಅಂಗಿಯವನು ಬೀದಿಯಲ್ಲಿ ಬೈಸಿಕೊಂಡನು. ಮಕ್ಕಳು ಪಡಸಾಲೆಯಲ್ಲಿ ಕೈ ಮಿಲಾಯಿಸಿದ್ದು ನಿಜವಾಗಿ ಪಂದ್ಯಕ್ಕಾಗಿಯೇ ಅಲ್ಲವೆಂದು ನಾವು ತಿಳಿಯುತ್ತೇವೆ.

ಈ ಆಟ ಯಾರದೆಂಬ ಪ್ರಶ್ನೆಗೆ ಇತಿಹಾಸವನ್ನು ಕೇಳಿದರೆ ಅದು ನಗುತ್ತದೆ. ಗೋವೆಗೆ ಕಾಲ್ಚೆಂಡಾಟ ಬಂದದ್ದು 1883ರಲ್ಲಿ, ನಮ್ಮ ಇದೇ ಬಾರ್ದೇಶ ತಾಲೂಕಿನ ಶಿವೋಲಿಗೆ. ನಾಡನ್ನು ಆಳುತ್ತಿದ್ದವರು ಪೋರ್ಚುಗೀಸರು. ಆಟವನ್ನು ಕಲಿಸಿದವರೋ ಪೋರ್ಚುಗೀಸರಲ್ಲದ ವಿಲಿಯಂ ರಾಬರ್ಟ್ ಲಾಯನ್ಸ್ ಎಂಬ ಪಾದ್ರಿಗಳು. ಹೊರಗಿನವರು ತಂದ ಆಟ ಇಲ್ಲಿ ವಾಡೆ ವಾಡೆಗೂ ಇಳಿದು, ಸಂತೋಷ ಪಾರಿತೋಷಕವನ್ನು ಐದು ಸಲ ತಂದುಕೊಡುವಷ್ಟು ಇಲ್ಲಿಯದಾಯಿತು. ಇನ್ನು ಆ ಉಪಾಂತ್ಯದ ಎರಡು ಪಂದ್ಯಗಳಲ್ಲಿ ಗೋಲು ಹೊಡೆದವರನ್ನು ನೋಡಿರಿ. ಹೆರೇರಾ ಮತ್ತು ಮೆಂಡೆಸ್ ಸ್ಪೇನ್ ದೇಶದವರು, ಸಾದಿಕು ಅಲ್ಬೇನಿಯದವರು, ಛೇತ್ರಿಯವರು ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಕನ್ನಡಕ್ಕಾಗಲಿ ಕೊಂಕಣಿಗಾಗಲಿ ಹುಟ್ಟಿದವರು ಅವರಲ್ಲಿ ಒಬ್ಬರೂ ಇಲ್ಲ. ನಮ್ಮ ಹುಡುಗರು ಅಂಗಿ ಹರಿದುಕೊಂಡದ್ದು ಇವರ ಪರವಾಗಿ!

ಆದರೂ ತವರಿನ ಅಂಗಳವೆಂಬುದು ಬರಿಯ ಮಾತಲ್ಲ. ಯುರೋಪಿನ ದೊಡ್ಡ ಲೀಗುಗಳಲ್ಲಿ ನೂರು ಪಂದ್ಯಗಳಿಗೆ ಸುಮಾರು ನಲವತ್ತೈದನ್ನು ಊರಿನ ತಂಡ ಗೆಲ್ಲುತ್ತದೆ, ಸುಮಾರು ಮೂವತ್ತನ್ನು ಮಾತ್ರ ಹೊರಗಿನ ತಂಡ, ಉಳಿದವು ಸಮ. ಅಂಗಳದ ಪರಿಚಯ, ಪ್ರಯಾಣದ ದಣಿವು ಮೊದಲಾದ ಕಾರಣಗಳನ್ನು ಹಿಂದೆ ಹೇಳುತ್ತಿದ್ದರು. 2020ರಲ್ಲಿ ಕೊರೋನಾ ರೋಗದ ಕಾರಣ ಜನರಿಲ್ಲದ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದಾಗ, ಅಂಗಳ ಅದೇ ಇದ್ದರೂ ಊರಿನ ತಂಡಗಳ ಅನುಕೂಲ ಇಳಿಯಿತೆಂದು ಸಂಶೋಧಕರು ಕಂಡರು. ಹೊರಗಿನ ತಂಡಗಳಿಗೆ ರೆಫರಿಗಳು ತೋರಿಸುವ ಹಳದಿ ಚೀಟಿಗಳೂ ಕಡಿಮೆಯಾದುವಂತೆ! ಜನರ ಕೂಗು ಆಟಗಾರರ ಕಾಲಿಗೆ ಬಲ ಕೊಡುವುದು ಎಷ್ಟೋ, ರೆಫರಿಯ ಕಿವಿಯನ್ನು ಹಿಂಡುವುದೂ ಅಷ್ಟೇ ಇರಬೇಕು. ಆ ಎರಡು ವರ್ಷಗಳು ಸೂಪರ್ ಲೀಗಿನ ಪಂದ್ಯಗಳು ಗೋವೆಯಲ್ಲಿಯೇ, ಫಾತೋರ್ಡಾ, ಬಾಂಬೋಳಿ, ವಾಸ್ಕೋಗಳಲ್ಲಿ ನಡೆದವು. ಮ್ಹಾಪಸಾದ ಜನ ಅವುಗಳನ್ನು ದೂರದ ಊರಿನವರಂತೆ ಪರದೆಯ ಮೇಲೆ ನೋಡಿದರು. ತವರೆಂದರೆ ಮಣ್ಣಲ್ಲ, ಕೂಗುವ ಜನ ಎಂಬುದು ಆಗ ಅಂಕಿಸಂಖ್ಯೆಗಳಿಂದ ಸಿದ್ಧವಾಯಿತು. ಆ ಕೂಗಿನಲ್ಲಿ ನಮ್ಮ ಮಕ್ಕಳ ದನಿಯೂ ಸೇರಿದ್ದರೆ, ಅವರು ಆ ತವರಿನವರಲ್ಲವೆಂದು ಹೇಳುವ ಅಧಿಕಾರ ಬೀದಿಯವರಿಗೂ ಇಲ್ಲ, ಮನೆಯವರಿಗೂ ಇಲ್ಲ.

ಬೆಂಗಳೂರಿನ ತಂಡಕ್ಕೂ ಫಾತೋರ್ಡಾ ಹೊಸದಲ್ಲ. 2014ರ ಏಪ್ರಿಲ್ 21ರಂದು ಅದು ಹುಟ್ಟಿದ ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದುಕೊಂಡದ್ದು ಇದೇ ಅಂಗಳದಲ್ಲಿ, ಗೋವೆಯ ಡೆಂಪೋ ತಂಡವನ್ನು 4–2ರಿಂದ ಸೋಲಿಸಿ. 2023ರ ಮಾರ್ಚ್ 18ರಂದು ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಮೋಹನ್ ಬಾಗಾನಿಗೆ ಪೆನಾಲ್ಟಿಗಳಲ್ಲಿ ಕಳೆದುಕೊಂಡು ಅತ್ತದ್ದೂ ಇಲ್ಲಿಯೇ. 2025ರಲ್ಲಿಯೂ ಅದಕ್ಕೆ ಅಂಥದೇ ಕೊನೆ ಕಾದಿತ್ತು. ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಅದೇ ಮೋಹನ್ ಬಾಗಾನ್ ಎದುರು ಹೆಚ್ಚಿನ ಸಮಯದ ಆಟದಲ್ಲಿ ಅದು 2–1ರಿಂದ ಸೋತಿತು. ಆ ಶನಿವಾರ ರಾತ್ರಿ ನಮ್ಮ ಕಿತ್ತಳೆ ಅಂಗಿಯ ಹುಡುಗರಲ್ಲಿ ಕೆಲವರು ಬೆಂಗಳೂರಿನ ಪರವಾಗಿ ಕೂಗಿದರೆಂದು ಅವರ ತಾಯಂದಿರು ಹೇಳಿದರು. ಹುಡುಗರು ಒಪ್ಪುವುದಿಲ್ಲ.

ಗೋವೆಯ ತಂಡ ಆ ಮೇಲೆ ಮೇ 3ರಂದು ಭುವನೇಶ್ವರದಲ್ಲಿ ಜಮ್ಶೇಡಪುರವನ್ನು 3–0ರಿಂದ ಸೋಲಿಸಿ ಸೂಪರ್ ಕಪ್ಪನ್ನು ಗೆದ್ದಿತು. ಮೂರು ಗೋಲುಗಳ ನಿಸ್ಸಂದೇಹವಾದ ಗೆಲುವು. ಅದನ್ನು ಕುರಿತ ಚರ್ಚೆ ಶಾಲೆಯಲ್ಲಿ ಅರ್ಧ ತಾಸೂ ನಡೆಯಲಿಲ್ಲ. 2–1ರ ಚರ್ಚೆ ಇನ್ನೂ ನಡೆದಿದೆ. ಈ ಲೇಖನದ ಕರಡನ್ನು ಓದಿದ ನಮ್ಮ ಗಣಿತದ ಶಿಕ್ಷಕರು, ಮಣಿಗಳ ಲೆಕ್ಕವೆಲ್ಲ ಸರಿಯೇ, ಆದರೆ ಬಾಗಿಲು ಮಾತ್ರ ಹಾಕಿಕೊಳ್ಳಬೇಕಾಗಿತ್ತು ಎಂದರು.